ಅವನು ತೆಗೆಯದೆ ಬಿಟ್ಟ ಗೇಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮದ ಕಥೆ ಹೇಳಲು ಒಂದಿಷ್ಟು ಧೈರ್ಯ ಬೇಕು, ಒಂದಿಷ್ಟು ಹಕ್ಕೂ ಬೇಕು. ನನ್ನಲ್ಲಿ ಎರಡೂ ಕಡಿಮೆ. ಇಬ್ಬರು ತಮ್ಮಷ್ಟಕ್ಕೆ ಇಟ್ಟುಕೊಂಡ ಮಾತನ್ನು ಮೂರನೆಯವರು ಬಿಚ್ಚಿಡುವುದು ಸರಿಯಾ ಎಂದು ಎಷ್ಟೋ ಸಲ ಪೆನ್ನು ಕೆಳಗಿಟ್ಟಿದ್ದೇನೆ. ಆದರೆ ಕೆರೆಯ ದಾರಿಯಲ್ಲಿ ಹೋಗಿ ಬಂದಾಗಲೆಲ್ಲ ಆ ಹಸಿರು ಗೇಟು ನನ್ನ ಬೆನ್ನ ಹಿಂದೆ ಮೆತ್ತಗೆ ಮುಚ್ಚಿಕೊಳ್ಳುತ್ತದೆ, ‘ಇನ್ನೂ ಹೇಳಲಿಲ್ಲವಾ?’ ಎಂದು ಕೇಳಿದ ಹಾಗೆ. ಅದಕ್ಕೆ ಹೇಳುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವಳನ್ನು ನೋಡಿದವರಿಗಿಂತ ಕೇಳಿದವರೇ ಹೆಚ್ಚು. ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್. ಯಾರು ಎಂಥ ಗಾಬರಿಯಲ್ಲಿ ಫೋನ್ ಮಾಡಿದರೂ ಮೊದಲು ಸಿಗುವುದು ಅವಳ ದನಿ: “ಲೈನ್‌ನಲ್ಲಿರಿ, ನಾನಿದ್ದೀನಿ.”

ಆ ದನಿ ಕೇಳಿದವರಿಗೆ ಅವಳು ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ ಎಂದು ಊಹಿಸುವುದು ಸಾಧ್ಯವಿರಲಿಲ್ಲ. ಅವಳಿಗೆ ಆ ಕೆಲಸ ಇಷ್ಟವಾಗಿದ್ದು ಅರ್ಧ ಅದಕ್ಕೇ. ಫೋನಿನಲ್ಲಿ ಅವಳು ಸಹಾಯ ಮಾಡುವವಳು. ಹೊರಗೆ ಬಂದರೆ ಸಹಾಯ ಪಡೆಯುವವಳು. ಒಂದು ರಸ್ತೆ ಅಪಘಾತ ಕಾಲುಗಳ ಬಲ ಕಿತ್ತುಕೊಂಡ ಮೇಲೆ ಅವಳ ಹಗಲೆಲ್ಲ ಥ್ಯಾಂಕ್ಸ್‌ಗಳ ಮೆರವಣಿಗೆ. ಲಿಫ್ಟ್ ಹಿಡಿದು ನಿಲ್ಲಿಸಿದವರಿಗೆ ಥ್ಯಾಂಕ್ಸ್, ಬಸ್ಸು ಹತ್ತಲು ಹಲಗೆ ಇಳಿಸಿದವರಿಗೆ ಥ್ಯಾಂಕ್ಸ್, ಕೇಳದೇ ಹಿಂದಿನಿಂದ ಕುರ್ಚಿ ತಳ್ಳಿ ಬೇಡದ ಅಂಗಡಿಯೊಳಗೆ ಬಿಟ್ಟವರಿಗೂ ಥ್ಯಾಂಕ್ಸ್.

“ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ ಅತ್ತಿಗೆ.”

“ಸವೆದಿದ್ರೆ ನನ್ನ ಮೇಲೆ ಇಷ್ಟು ಹರಿತವಾಗಿ ಹೇಗೆ ಬಳಸ್ತೀಯ?” ಎಂದಳು ಅಣ್ಣನ ಹೆಂಡತಿ.

ಅವಳಿಗೆ ಒಂದೇ ಒಂದು ಆಸೆ ಉಳಿದಿತ್ತು. ಊರಾಚೆ, ಹೊಲಗಳ ನಡುವೆ ಹಾದು ಹೋಗುವ ಕಾಲುದಾರಿಯ ಕೊನೆಗೆ ಒಂದು ಕೆರೆ. ಮೊದಲು ಅಲ್ಲಿಗೆ ಓಡಿಕೊಂಡು ಹೋಗುತ್ತಿದ್ದಳು. ಅಪಘಾತವಾದ ಮೇಲೆ ಒಮ್ಮೆ ಅಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು, ಬೇಲಿಯ ಕಲ್ಲುಮೆಟ್ಟಿಲು ಹತ್ತಿಳಿದು, ಅಲ್ಲಿಗೆ ಕರೆದೊಯ್ದಿದ್ದ. ದಾರಿಯುದ್ದಕ್ಕೂ ಅವಳಿಗೆ ಕಂಡದ್ದು ಅಣ್ಣನ ಬೆವೆತ ಕತ್ತು. ಕೆರೆ ಕಾಣುವ ಹೊತ್ತಿಗೆ ಅವನ ಕಾಲುಗಳು ನಡುಗುತ್ತಿದ್ದವು. “ಸಾಕಾ ಪುಟ್ಟಿ?” ಎಂದ. ಸಾಕಾಗಿರಲಿಲ್ಲ. “ಸಾಕಣ್ಣ, ಥ್ಯಾಂಕ್ಸ್” ಎಂದಳು. ಮತ್ತೆ ಕೇಳಲೇ ಇಲ್ಲ.

ತನ್ನ ಪಾಡಿಗೆ ತಾನು ಹೋಗಬೇಕು, ಸಾಕೆನಿಸುವ ತನಕ ಇರಬೇಕು. ಅಷ್ಟೇ ಅವಳ ಆಸೆ.

ಹಾಗಿರುವಾಗ ಊರಾಚೆಯ ದಾರಿಗಳು ಎಲ್ಲರಿಗೂ ದಕ್ಕಲಿ ಎಂದು ಸರ್ಕಾರ ಹಣ ಮಂಜೂರು ಮಾಡಿತು. ಕೆಸರು ಕೂರುತ್ತಿದ್ದ ಕಾಲುದಾರಿಗೆ ಸಣ್ಣ ಜಲ್ಲಿ ಹಾಸಿ, ರೋಲರ್ ಓಡಿಸಿ, ಗಟ್ಟಿ ಮಾಡಿದರು. ಏರು ಇದ್ದಲ್ಲಿ ತಗ್ಗಿಸಿದರು. ಕಲ್ಲುಮೆಟ್ಟಿಲು ಕಿತ್ತು, ದನಕರು ದಾಟದಂತೆ, ತಾನೇ ಮುಚ್ಚಿಕೊಳ್ಳುವ ಒಂದು ಗೇಟು ಕೂರಿಸುವುದೆಂದಾಯಿತು. ಆದರೆ ಒಂದು ಷರತ್ತು: ಗಾಲಿಕುರ್ಚಿಯವರೊಬ್ಬರು ಯಾರ ಸಹಾಯವೂ ಇಲ್ಲದೆ ಆ ಗೇಟು ದಾಟಿ ತೋರಿಸಬೇಕು. ವರ್ಷ ಮುಗಿಯುವುದರೊಳಗೆ ಆಗದಿದ್ದರೆ ಉಳಿದ ಹಣ ವಾಪಸ್, ದಾರಿಗೆ ಮತ್ತೆ ಬೇಲಿ.

ದಾಟಿ ತೋರಿಸಲು ಅವಳನ್ನು ಕರೆದರು. ಗೇಟು ಮಾಡುವ ಕೆಲಸ ಊರಿನ ಒಬ್ಬ ವೆಲ್ಡರ್‌ಗೆ ಸಿಕ್ಕಿತ್ತು.

*

ಮೊದಲ ಪರೀಕ್ಷೆಯ ದಿನ ಅವನು ಗೇಟಿನ ಪಕ್ಕ ಸೆಟೆದು ನಿಂತಿದ್ದ. ಎತ್ತರದ ಆಳು, ಹುಬ್ಬಿನ ಮೇಲೆ ಕಿಡಿ ಸುಟ್ಟ ಚಿಕ್ಕ ಕಲೆ, ತೊಳೆದು ತೊಳೆದು ಕೆಂಪಾದ ಕೈಗಳು. ಅವಳು ಹತ್ತಿರ ಬಂದಳು. ಚಿಲಕಕ್ಕೆ ಕೈ ಚಾಚಿದಳು.

ಅವನು ಸರಕ್ಕನೆ ಮುಂದೆ ಬಂದು ಗೇಟು ತೆಗೆದು ಹಿಡಿದ. ನಗುತ್ತಾ ನಿಂತ.

ದಾರಿ ಇಲಾಖೆಯ ಇಂಜಿನಿಯರಮ್ಮ ಕಣ್ಣು ಮುಚ್ಚಿಕೊಂಡರು. “ಏನಪ್ಪಾ ಮಾಡ್ದೆ?”

“ಗೇಟು ತೆಗೆದೆ ಮೇಡಂ.”

“ನೀನು ತೆಗೀತೀಯ ಅಂತ ಗೊತ್ತು ಕಣೋ. ಅವರು ತೆಗೀಬಹುದಾ ಅಂತ ನೋಡೋಕೆ ತಾನೇ ನಾವು ಬಂದಿರೋದು!”

ಅವನ ಮುಖದ ಬಣ್ಣ ಇಳಿಯಿತು. “ಅಯ್ಯೋ. ಅಭ್ಯಾಸ ಮೇಡಂ. ಕೈ ತಾನೇ ಮುಂದೆ ಹೋಯ್ತು.”

“ಥ್ಯಾಂಕ್ಸ್,” ಎಂದಳು ಆಪರೇಟರ್, ಹಲ್ಲು ಕಚ್ಚಿಕೊಂಡು.

ಅವಳ ದನಿ ಕೇಳಿದ್ದೇ ತಡ, ಅವನು ತಟ್ಟನೆ ತಲೆ ಎತ್ತಿ ಅವಳನ್ನೇ ನೋಡಿದ. ಎಲ್ಲೋ ಕಳೆದುಕೊಂಡ ವಸ್ತು ಕಣ್ಣೆದುರೇ ಸಿಕ್ಕವನ ಹಾಗೆ. ಅವಳು ಮುಖ ತಿರುಗಿಸಿದಳು. ಮರುಕದ ನೋಟಗಳಲ್ಲಿ ಎಷ್ಟು ಬಗೆ ಇದೆ ಎಂದು ಅವಳಿಗೆ ಗೊತ್ತಿತ್ತು. ಈ ಬಗೆ ಮಾತ್ರ ಗೊತ್ತಿರಲಿಲ್ಲ.

ಎರಡನೇ ಸಲ ಅವನನ್ನು ದೂರ ನಿಲ್ಲಿಸಿ ನೋಡಿದರೆ, ಚಿಲಕವೇ ಕೈಗೆ ಎಟುಕಲಿಲ್ಲ. ನಿಂತವನ ಅಳತೆಗೆ ಮಾಡಿದ್ದ.

*

ಮರುದಿನ ಆಸ್ಪತ್ರೆಗೆ ಫೋನ್ ಬಂತು.

“ಆಪರೇಟರ್, ನಾನು ಗೇಟಿನವನು. ಒಂದು ಡೌಟು. ಚಿಲಕ ನಿಮ್ಮ ಭುಜದ ಮಟ್ಟಕ್ಕಿರಬೇಕಾ, ಮೊಣಕೈ ಮಟ್ಟಕ್ಕಾ?”

“ಮೊಣಕೈ. ಇದು ಆಸ್ಪತ್ರೆ ಲೈನು, ಗೊತ್ತಲ್ಲ? ಒಂದ್ನಿಮಿಷ... ಲೈನ್‌ನಲ್ಲಿರಿ, ನಾನಿದ್ದೀನಿ. ಹೆರಿಗೆ ವಾರ್ಡಾ? ಕೊಟ್ಟೆ. ಹಾಂ, ಹೇಳಿ.”

“ನಾನು ಒಂದು ಗಾಲಿಕುರ್ಚಿ ಬಾಡಿಗೆಗೆ ತಂದಿದ್ದೀನಿ. ಅದರಲ್ಲೇ ಕೂತು ಕೆಲಸ ಮಾಡ್ತಿದ್ದೀನಿ. ಬೆಳಗ್ಗೆಯಿಂದ ಮೂರು ಸಲ ಗೋಡೆಗೆ ಗುದ್ದಿದೆ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಗೋಡೆ ಹೇಗಿದೆ?”

“ಗೋಡೆ ಚೆನ್ನಾಗಿದೆ. ನನ್ನನ್ನ ಯಾರೂ ಕೇಳಲ್ಲ.”

ಆಮೇಲೆ ದಿನವೂ ಒಂದು ಡೌಟು. ಹಿಡಿಕೆ ಉರುಟಾಗಿರಬೇಕಾ, ಚಪ್ಪಟೆಯಾ? ಎಡಗೈಗೆ ಬಲ ಹೆಚ್ಚಾ, ಬಲಗೈಗಾ? ಒಂದು ದಿನ ಕೇಳಿದ: “ಯಾವ ಬಣ್ಣ?”

“ಬಣ್ಣಕ್ಕೂ ಪರೀಕ್ಷೆಗೂ ಏನು ಸಂಬಂಧ?”

“ಪರೀಕ್ಷೆಗಿಲ್ಲ. ನಂಗಿದೆ.”

ಅವಳ ಮುಂದಿನ ಫೋನ್ ಬೋರ್ಡಿನಲ್ಲಿ ಇನ್ನೊಂದು ಕರೆಯ ದೀಪ ಮಿನುಗುತ್ತಿತ್ತು. “ಕೆರೆ ಪಕ್ಕದ ಹುಲ್ಲು ಇರುತ್ತಲ್ಲ, ಹೊಸದಾಗಿ ಚಿಗುರಿದಾಗ, ಆ ಹಸಿರು,” ಎಂದು ಹೇಳಿ ಫೋನ್ ಇಟ್ಟುಬಿಟ್ಟಳು. ಇಟ್ಟ ಮೇಲೆ ನೆನಪಾಯಿತು: ಫೋನ್ ಮುಗಿಸುವಾಗ ಎಲ್ಲರಿಗೂ ಹೇಳುವ ಥ್ಯಾಂಕ್ಸ್ ಅವನಿಗೆ ಹೇಳಿರಲಿಲ್ಲ. ಹೇಳಬೇಕೆಂದು ಅನ್ನಿಸಿಯೇ ಇರಲಿಲ್ಲ. ಅದೊಂದು ಹೊಸ ಸುಖ.

*

ಚಿಲಕ ನೋಡಲು ಅತ್ತಿಗೆಯ ಜೊತೆ ಅವನ ಶೆಡ್ಡಿಗೆ ಹೋದಳು. ಹೊಸಿಲಿಗೆ ಒಂದು ಕಬ್ಬಿಣದ ಇಳಿಜಾರು ಬೆಸೆದಿದ್ದ. ಒಳಗೆ ಸುಟ್ಟ ಲೋಹದ ವಾಸನೆ, ಗೋಡೆಯಲ್ಲಿ ಇಕ್ಕಳಗಳ ಸಾಲು, ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ತೇಲುವ ಕಬ್ಬಿಣದ ಧೂಳು.

“ಇದು ಸರ್ಕಾರದ ಹಣದ್ದಾ?” ಇಳಿಜಾರು ತೋರಿಸಿ ಅತ್ತಿಗೆ ಕೇಳಿದಳು.

“ಅಲ್ಲಕ್ಕ, ನನ್ನದೇ.”

“ಅಂದ್ರೆ ಗಾಲಿಕುರ್ಚಿಯಲ್ಲಿ ಬರೋ ಗಿರಾಕಿಗಳು ಬಹಳ?”

“ಸದ್ಯಕ್ಕೆ ಒಬ್ರೇ.”

ಅತ್ತಿಗೆ ಕೆಮ್ಮಿದಳು. ಆಪರೇಟರ್ ಚಿಲಕವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಪರೀಕ್ಷಿಸಿದಳು. ಅವನು ಎದುರಿಗೆ ಮೊಣಕಾಲೂರಿ ಕೂತು ಸ್ಕ್ರೂ ಬಿಗಿಸುತ್ತಿದ್ದ. ಅವನ ಕಣ್ಣು ಸ್ಕ್ರೂ ಬಿಟ್ಟು ಅವಳ ಬೆರಳುಗಳ ಮೇಲೆ ಬಂದು, ಸಿಕ್ಕಿಬಿದ್ದು, ಮತ್ತೆ ಸ್ಕ್ರೂಗೆ ಓಡಿಹೋಯಿತು. ಅವಳ ತುಟಿಯ ಅಂಚಿನಲ್ಲಿ ಬಂದ ನಗು ಅವನಿಗೆ ಕಂಡಿತೋ ಏನೋ, ಅವನ ಕಿವಿಗಳು ಕೆಂಪಾದವು.

ಅತ್ತಿಗೆ ಟೀ ತರುತ್ತೇನೆಂದು ಹೊರಗೆ ಹೋದಾಗ ಅವನೇ ಬಾಯಿ ಬಿಟ್ಟ.

“ನಿಮಗೆ ನೆನಪಿರಲ್ಲ. ನಮ್ಮಪ್ಪನ ಕೊನೇ ದಿನಗಳಲ್ಲಿ ನಾನು ದೂರದ ಊರಲ್ಲಿದ್ದೆ. ಆಸ್ಪತ್ರೆಗೆ ಫೋನ್ ಮಾಡಿದ್ರೆ ವಾರ್ಡಿನಲ್ಲಿ ಯಾರೂ ಎತ್ತಲಿಲ್ಲ. ನೀವು ಲೈನ್ ಕಟ್ ಮಾಡ್ಲಿಲ್ಲ. ‘ನಾನಿದ್ದೀನಿ’ ಅಂತ ಮತ್ತೆ ಮತ್ತೆ ಅಂತಿದ್ರಿ. ಕೊನೆಗೆ ಯಾರನ್ನೋ ಓಡಿಸಿ ಅಪ್ಪನ ಕಿವಿಗೆ ಫೋನ್ ಹಿಡಿಸಿದ್ರಿ. ಅವತ್ತು ನಾನು ಅಪ್ಪನ ಜೊತೆ ಮಾತಾಡಿದೆ. ಅದೇ ಕೊನೆ. ಮೊನ್ನೆ ಗೇಟಿನ ಹತ್ರ ನೀವು ಥ್ಯಾಂಕ್ಸ್ ಅಂದಾಗ ದನಿ ಗುರುತು ಸಿಕ್ತು.”

ಅವಳ ಕೈ ಚಿಲಕದಿಂದ ಜಾರಿತು. ಸಂತೋಷವಾಗಬೇಕಿತ್ತು. ಆಯಿತು ಕೂಡ, ಅರೆಗಳಿಗೆ. ಆಮೇಲೆ ಅದು ಇಳಿದುಹೋಯಿತು. ಓಹ್, ಇದಾ ವಿಷಯ. ಮರುಕವಲ್ಲ, ಋಣ.

“ಹಾಗಾದ್ರೆ ಋಣ ತೀರಿಸ್ತಿದ್ದೀರಿ,” ಎಂದಳು. “ನೋಡಿ, ಹಂಗು ಅಂದ್ರೇನು ಅಂತ ನಂಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿಲ್ಲ. ದಿನಾ ಹೊತ್ಕೊಂಡು ತಿರುಗೋಳು ನಾನು. ನನ್ನಿಂದ ಇನ್ನೊಬ್ಬರು ಅದನ್ನ ಹೊರೋದು ಬೇಡ. ಅವತ್ತು ನಾನು ನನ್ನ ಕೆಲಸ ಮಾಡ್ದೆ. ಲೆಕ್ಕ ಚುಕ್ತಾ.”

“ಅದಲ್ಲ ಆಪರೇಟರ್...”

“ಮತ್ತೇನು?”

ಅವನು ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಕಬ್ಬಿಣ ಬೆಸೆಯಲು ಬರುತ್ತಿದ್ದ ಅವನಿಗೆ ಆ ಹೊತ್ತು ಎರಡು ಮಾತು ಬೆಸೆಯಲು ಬರಲಿಲ್ಲ. ಅತ್ತಿಗೆ ಟೀ ತಂದಾಗ ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತಿದ್ದರು.

ಮರುದಿನದಿಂದ ಡೌಟುಗಳು ಬರಲಿಲ್ಲ. ಬೋರ್ಡಿನಲ್ಲಿ ದೀಪ ಮಿನುಗಿದಾಗಲೆಲ್ಲ ಅವಳ ಕೈ ಒಂದು ಕ್ಷಣ ಬೇಗ ಹೋಗುತ್ತಿತ್ತು. ಅಷ್ಟು ಮಾತ್ರ ನಿಜ.

*

ಕೊನೆಯ ಪರೀಕ್ಷೆ. ವರ್ಷದ ಲೆಕ್ಕ ಮುಚ್ಚುವ ಹೊತ್ತು, ಇನ್ನೊಂದು ಅವಕಾಶವಿಲ್ಲ. ಇಂಜಿನಿಯರಮ್ಮ ಮುಂಚಿನಂತೆ ತಮಾಷೆ ಮಾಡಲಿಲ್ಲ. ಅತ್ತಿಗೆ ಸೆರಗಿನ ತುದಿ ತಿರುಚುತ್ತಿದ್ದಳು. ಗೇಟಿನ ಆಚೆ ಬದಿ, ಬೇಲಿಯ ಪಕ್ಕ, ಕೈ ಹಿಂದೆ ಕಟ್ಟಿಕೊಂಡು ಅವನು.

ಗೇಟು ಹೊಸ ಚಿಗುರಿನ ಹಸಿರು.

ಅವಳು ಬಂದಳು. ಚಿಲಕ ಮೊಣಕೈ ಮಟ್ಟಕ್ಕೇ ಇತ್ತು, ಬೆರಳಿಗೆ ಹಿತವಾಗಿ ಸಿಕ್ಕಿತು, ಎತ್ತಿದರೆ ಬೆಣ್ಣೆಯ ಹಾಗೆ ಎದ್ದಿತು. ತಳ್ಳಿದಳು.

ಗೇಟು ಅಲುಗಲಿಲ್ಲ.

ಮತ್ತೆ ತಳ್ಳಿದಳು. ಆಗ ಅವನ ಮುಖ ನೋಡಿದಳು, ನೋಡಿ ಎಲ್ಲ ಅರ್ಥವಾಯಿತು. ಇನ್ನೊಂದು ಕೋಟ್ ಬಣ್ಣ ಹೊಡೆದಿದ್ದ ಪುಣ್ಯಾತ್ಮ, ಚೆನ್ನಾಗಿ ಕಾಣಲಿ ಎಂದು, ಅವಳು ಹೇಳಿದ ಹಸಿರೇ ಬರಲಿ ಎಂದು, ಇವತ್ತು ಬೆಳಗ್ಗೆ! ಒಣಗದ ಬಣ್ಣ ಗೇಟನ್ನೂ ಕಂಬವನ್ನೂ ಅಂಟಿಸಿ ಹಿಡಿದಿತ್ತು. ಆಚೆಯಿಂದ ಅವನು ಒಂದು ಸಲ ಎಳೆದಿದ್ದರೆ ಸಾಕಿತ್ತು. ಎಳೆದರೆ ಪರೀಕ್ಷೆ ಹೋಯಿತು, ದಾರಿ ಹೋಯಿತು, ಕೆರೆ ಹೋಯಿತು.

ಅವನ ಭುಜ ಮುಂದಕ್ಕೆ ಬಂತು.

ಅವನು ತಿರುಗಿ ನಿಂತ. ಅವಳಿಗೆ ಬೆನ್ನು ಹಾಕಿ, ಕೆರೆಯ ಕಡೆ ಮುಖ ಮಾಡಿ, ಹಿಂದೆ ಚಾಚಿದ ಎರಡೂ ಕೈಯಲ್ಲಿ ಗೇಟಿನ ಜೊತೆಗೇ ಬಣ್ಣ ಹೊಡೆದು ಇನ್ನೂ ಒಣಗದ ಬೇಲಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡ. ಬಿಟ್ಟರೆ ಕೈಗಳು ತಾವೇ ಓಡಿಹೋಗುತ್ತವೆ ಎಂಬಂತೆ.

ಯಾರೋ ಅವಳನ್ನು ಅವಳ ಕೈಗೇ ಬಿಟ್ಟಿದ್ದರು. ಎಷ್ಟು ಕಾಲವಾಗಿತ್ತು!

ಅವಳು ಕುರ್ಚಿಯನ್ನು ಹಿಂದಕ್ಕೆ ತಂದಳು. ಗಾಲಿಗಳನ್ನು ಎರಡೂ ಕೈಯಲ್ಲಿ ಬೀಸಿ ಮುಂದಕ್ಕೆ ಬಿಟ್ಟಳು. ಕಾಲಿಡುವ ಕಬ್ಬಿಣ ಗೇಟಿಗೆ ಢಣ್ಣೆಂದು ಬಡಿಯಿತು. ಇಲ್ಲ. ಮತ್ತೆ ಹಿಂದಕ್ಕೆ. ಕೂದಲು ಮುಖದ ಮೇಲೆ ಬಂತು. “ಬಾರೋ ಗೇಟೇ,” ಎಂದು ಬೈದಳು. ಮತ್ತೆ ಢಣ್. ಹಳೆಯ ಬ್ಯಾಂಡೇಜು ಕಿತ್ತ ಹಾಗೆ ಪರ್ ಎಂದು ಸದ್ದು ಮಾಡಿ ಗೇಟು ಬಿಟ್ಟುಕೊಂಡಿತು. ಅವಳು ಆಚೆ ಬಂದಿದ್ದಳು. ಹಿಂದೆ ಅದು ತಾನಾಗಿ ಮೆತ್ತಗೆ ಮುಚ್ಚಿಕೊಂಡಿತು.

“ಪಾಸ್!” ಎಂದು ಕೂಗಿದ ಇಂಜಿನಿಯರಮ್ಮನ ದನಿ ಒಡೆದಿತ್ತು. ಅತ್ತಿಗೆ ನಗುತ್ತಾ ಅಳುತ್ತಿದ್ದಳು. ಆಮೇಲೆ, ಹಕ್ಕಿ ಕಂಡರಾಗದ ಆ ಅತ್ತಿಗೆಯೇ, “ಬನ್ನಿ ಮೇಡಂ, ಅಲ್ಲೊಂದು ಕೊಕ್ಕರೆ ಇದೆ, ನೋಡೋಣ” ಎಂದು ಇಂಜಿನಿಯರಮ್ಮನನ್ನು ಎಳೆದುಕೊಂಡು ಹೋದಳು.

*

ಕೆರೆಯ ನೀರು ಅವಳು ನೆನಪಿಟ್ಟುಕೊಂಡಿದ್ದಕ್ಕಿಂತ ಅಗಲವಾಗಿತ್ತು. ಸಾಕಾ ಎಂದು ಕೇಳುವವರಿರಲಿಲ್ಲ. ಈ ಜಲ್ಲಿಗೆ, ಈ ಗೇಟಿಗೆ ತೆರಿಗೆ ಕಟ್ಟಿದ ಜನ ಎಲ್ಲೆಲ್ಲಿದ್ದಾರೋ, ಅವರ ಮುಖ ಅವಳು ನೋಡುವಂತಿಲ್ಲ, ಅವರು ಅವಳ ಮುಖ ನೋಡುವಂತಿಲ್ಲ. ತಿರುಗಿ ಏನನ್ನೂ ಕೇಳದ ಆ ಅಷ್ಟು ಜನರ ಮೇಲೆ ಅವಳಿಗೆ ಒಮ್ಮೆಲೇ ಪ್ರೀತಿ ಉಕ್ಕಿತು. ಭಾರವೇ ಇಲ್ಲದ ಕೃತಜ್ಞತೆಯೂ ಇರುತ್ತದೆ ಎಂದು ಅವಳಿಗೆ ತಿಳಿದದ್ದು ಆಗಲೇ.

ಅವನು ಸ್ವಲ್ಪ ದೂರದಲ್ಲಿ ಕೂತಿದ್ದ.

“ಅವತ್ತು ಶೆಡ್ಡಲ್ಲಿ ಮಾತು ಬರ್ಲಿಲ್ಲ,” ಎಂದ. “ಈಗ ಹೇಳ್ಲಾ?”

“ಲೈನ್‌ನಲ್ಲಿದ್ದೀನಿ.”

“ಋಣ ಆಗಿದ್ರೆ ಇವತ್ತು ಓಡಿಬಂದು ಗೇಟು ತೆಗೆದುಬಿಡ್ತಿದ್ದೆ. ತೀರಿಹೋಗ್ತಿತ್ತು, ಆರಾಮಾಗಿ ಮನೆಗೆ ಹೋಗ್ತಿದ್ದೆ. ತೆಗೀದೇ ನಿಲ್ಲೋದಿದೆಯಲ್ಲ... ಜೀವ ಬಾಯಿಗೆ ಬಂದಿತ್ತು. ನೀವು ಇಲ್ಲಿಗೆ ಬರ್ಬೇಕು, ನೀವೇ ಬರ್ಬೇಕು ಅಂತ ನಂಗೆ ಅಷ್ಟು ಆಸೆ. ಅದಕ್ಕೆ ಏನಂತಾರೋ ನಂಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ನೀವೇ ಹೇಳಿ.”

ಅವಳಿಗೆ ಗೊತ್ತಿತ್ತು. ಹೇಳದೆ ಅವನ ಕೈ ನೋಡಿದಳು. ಎರಡೂ ಅಂಗೈ ಪೂರ್ತಿ ಹಸಿರು.

“ಥ್ಯಾಂಕ್ಸ್,” ಎಂದಳು. ಈ ಸಲ ಆ ಪದ ಅವಳ ಬಾಯಿಗೇ ಹೊಸದಾಗಿತ್ತು.

“ಯಾಕೆ? ನಾನೇನೂ ಮಾಡ್ಲಿಲ್ವಲ್ಲ.”

“ಅದಕ್ಕೇ.”

ಅವನು ನಕ್ಕ. ಅವಳೂ ನಕ್ಕಳು. ಸಂಜೆಯ ಬಿಸಿಲು ನೀರಿಗೆ ಇಳಿಯುವ ತನಕ, ಅವಳಿಗೆ ಸಾಕೆನಿಸುವ ತನಕ, ಇಬ್ಬರೂ ಅಲ್ಲೇ ಇದ್ದರು. ವಾಪಸ್ ಬರುವಾಗ ಅವಳೇ ಗೇಟು ತೆಗೆದು, ಅವನು ದಾಟುವವರೆಗೆ ಹಿಡಿದುಕೊಂಡಳಂತೆ.

ಈಗ ಅವರ ಮನೆಯ ಹೊಸಿಲಲ್ಲಿ ಒಂದು ಇಳಿಜಾರಿದೆ. ಶೆಡ್ಡಿನಿಂದಲೇ ಕಿತ್ತು ತಂದದ್ದು.

ಒಂದು ವಿಷಯ ಮಾತ್ರ ನನಗೆ ತಿಳಿದಿಲ್ಲ. ಆವತ್ತು ಮನೆಗೆ ಬಂದಾಗ ಅವಳ ಬಲಗೈಯ ಹಿಂಬದಿಯಲ್ಲಿ ಹಸಿರು ಬೆರಳುಗಳ ಅಚ್ಚು ಇತ್ತು ಎಂದು ಅತ್ತಿಗೆ ಹೇಳುತ್ತಾಳೆ. ಗೇಟಿನ ಬಣ್ಣ ತಾಗಿದ್ದು ಎಂದಳಂತೆ ಅವಳು. ಗೇಟಿಗೆ ಐದು ಬೆರಳಿರುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಅವನು ಕೈ ಚಾಚಿದನೋ, ಅವಳೇ ಎಳೆದುಕೊಂಡಳೋ, ಅದು ನನಗೆ ಗೊತ್ತಿಲ್ಲ. ಕೇಳಿದರೆ ಇಬ್ಬರೂ ಹೇಳುವುದಿಲ್ಲ.