ನಾದತೆರೆಯೊಳಗಿನ ಖೋ

ಸಂಜೆ ಐದಕ್ಕೆ ಸರಿಯಾಗಿ ಮೈದಾನದ ನಾಲ್ಕು ಮೂಲೆಗಳ ಕಂಬಗಳಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಮೂವತ್ತು ಹುಡುಗ ಹುಡುಗಿಯರ ಗದ್ದಲ ಒಮ್ಮೆಲೇ ನಿಂತುಹೋಯಿತು. ಅವರೇನೂ ಬಾಯಿ ಮುಚ್ಚಿರಲಿಲ್ಲ. ಓಡುತ್ತಲೇ ಇದ್ದರು, ಕೂಗುತ್ತಲೇ ಇದ್ದರು. ಬೇಲಿಯ ಹೊರಗೆ ನಿಂತವರಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.

"ಇದಕ್ಕೆ ನಾದತೆರೆ ಎಂದು ಹೆಸರಿಟ್ಟಿದ್ದೇವೆ," ಎಂದರು ವಿಜ್ಞಾನಿ ಡಾ. ಸುಹಾಸಿನಿ ಕುಂದರಗಿ. "ಒಳಗಿನಿಂದ ಬರುವ ಪ್ರತಿಯೊಂದು ಶಬ್ದತರಂಗಕ್ಕೂ ಈ ಕಂಬಗಳು ತದ್ವಿರುದ್ಧವಾದ ಪ್ರತಿತರಂಗವನ್ನು ಹೊರಡಿಸುತ್ತವೆ. ಒಂದರ ಏರಿಗೆ ಇನ್ನೊಂದರ ಇಳಿತ ಸೇರಿ ಎರಡೂ ಸೊನ್ನೆಯಾಗುತ್ತವೆ."

"ಅಂದ್ರ ಹುಡುಗ್ರು ಎಷ್ಟ ಒದರಿದ್ರೂ ನಮಗ ಕೇಳೂದಿಲ್ಲ?"

ಹೀಗೆ ಕೇಳಿದವರು ಹುಬ್ಬಳ್ಳಿಯ ಆ ಗಿರಣಿ ಕಾಲನಿಯ ಅಧ್ಯಕ್ಷ ಗುರುಪಾದಪ್ಪ ಹೊಸಕೇರಿ. ಕೇಳಿಸುವುದಿಲ್ಲ ಎಂದು ತಿಳಿದ ಮೇಲೆ ಅವರು, "ಪುಣ್ಯಾ ಬರ್ತೈತಿ ನಿಮಗ," ಎಂದು ಮನೆಗೆ ಹೋಗಿ ಮಲಗಿದರು.

ಕಾಲನಿಯ ಎಳೆಯರನ್ನು ಮಹಡಿಯಿಂದ, ಓಣಿಯಿಂದ, ಮೆಟ್ಟಿಲುಗಳಿಂದ ಗದ್ದಲವೆಂದು ಓಡಿಸಿ ಓಡಿಸಿ ಹಿರಿಯರಿಗೂ ಸಾಕಾಗಿತ್ತು. ಉಳಿದದ್ದು ಮೈದಾನವೊಂದೇ. ಅಲ್ಲಿಯೂ ಗುರುಪಾದಪ್ಪನವರು ದಿನವೂ ಬನಿಯನ್ನಿನಲ್ಲೇ ಬೇಲಿಯ ತನಕ ಬಂದು ಬೈಯುತ್ತಿದ್ದರು. ಬೈದು ಮುಗಿಸಿದ ಮೇಲೆ ಹೋಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಯಾರು ತಪ್ಪು ದಿಕ್ಕಿಗೆ ಓಡಿದರು ಎಂದು ಹೇಳುತ್ತ ನಿಲ್ಲುತ್ತಿದ್ದರು. ಮಕ್ಕಳನ್ನು ಎಳೆದೊಯ್ಯಲು ಬಂದ ತಾಯಂದಿರು ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತ ಆಟ ನೋಡುತ್ತಿದ್ದರು. ನಾದತೆರೆ ಬಂದ ಮೇಲೆ ಬೈಯಲು ಯಾರೂ ಬರಬೇಕಾಗಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಯುವಜನರಿಗೆ ಬಾಗಿಲು ತೆರೆದ ಮಾದರಿ ಬಡಾವಣೆ ಎಂದು ಕಾಲನಿಗೆ ಒಂದು ಫಲಕವೂ ಸಿಕ್ಕಿತು.

ಹುಡುಗಿಯರ ಖೋಖೋ ತಂಡದ ನಾಯಕಿ ಶಿಫಾ ಮುಲ್ಲಾ. ಅವಳಿಗೆ ಹದಿನೇಳು. ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆಯಾಗಲು ಅವಳಿಗೆ ಅದೇ ಕೊನೆಯ ವರ್ಷ, ಅದಕ್ಕೆ ಅವಳ ತಂಡ ಗದಗದ ಪಂದ್ಯಾವಳಿಯಲ್ಲಿ ಫೈನಲ್ ತಲುಪಬೇಕಿತ್ತು. ಅವಳು ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ. ಉಳಿದವರು ತಪ್ಪಿಸಿದರು. ಹತ್ತು ತಿಂಗಳಲ್ಲಿ ಮೈದಾನದ ಮೂವತ್ತು ಜನರಲ್ಲಿ ಅವಳ ತಂಡದ ಹನ್ನೆರಡು ಹುಡುಗಿಯರಷ್ಟೇ ಉಳಿದರು. ಯಾರೂ ಜಗಳವಾಡಿ ಬಿಡಲಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸಿದರು.

ಗದಗದ ಮೊದಲ ಪಂದ್ಯದಲ್ಲೇ ರೆಫರಿ ಸೀಟಿ ಊದಿದರು. ಕುಳಿತವಳ ಬೆನ್ನು ಮುಟ್ಟಿ 'ಖೋ' ಎಂದು ಕೂಗಿದರೆ ಮಾತ್ರ ಅವಳು ಎದ್ದು ಓಡಬಹುದು. ಈ ತಂಡದವರು ಮುಟ್ಟುತ್ತಿದ್ದರು, ಕೂಗುತ್ತಿರಲಿಲ್ಲ. ಶಿಫಾ ಕೂಡ ಕೂಗಲಿಲ್ಲ. ಎರಡನೆಯ ಸೀಟಿಯ ನಂತರ ಎಲ್ಲರಿಗೂ ನೆನಪು ಮಾಡಿದಳು. ಕಾಲು ಓಡತೊಡಗಿದೊಡನೆ ಬಾಯಿ ಮತ್ತೆ ಮುಚ್ಚಿಕೊಂಡಿತು. ಹನ್ನೊಂದು ತಪ್ಪುಗಳಾಗಿ ಸೋತರು. ಬಸ್ಸಿನಲ್ಲಿ ಯಾರೂ ಅಳಲಿಲ್ಲ.

ಸುದ್ದಿ ತಿಳಿದು ಡಾ. ಸುಹಾಸಿನಿ ಕಾಲನಿಗೆ ಬಂದರು.

"ತೆರೆಯ ಒಳಗೆ ನಿಮ್ಮ ಮಾತು ನಿಮಗೆ ಕೇಳಿಸುತ್ತಿತ್ತಲ್ಲ?" ಎಂದು ಶಿಫಾಳನ್ನು ಕೇಳಿದರು.

"ಕೇಳ್ತಿತ್ರೀ. ಕೌದಿ ಹೊದ್ಕೊಂಡ ಮಾತಾಡ್ದಂಗ ಕೇಳ್ತಿತ್ತು. ಮುಟ್ಟಿದ್ರ ತಿಳೀತೈತಿ, ಸುಮ್ನ ಯಾಕ ಒದರೂದು ಅಂತ ಬಿಟ್ವಿ. ಯಾವಾಗ ಬಿಟ್ವಿ ಗೊತ್ತಿಲ್ರೀ."

"ಉಳಿದವರು ಯಾಕೆ ಬಿಟ್ಟುಹೋದರು?"

"ಗೆದ್ರೂ ಬಿದ್ರೂ ಹೊರಗ ಯಾರೂ ಹೊಳ್ಳಿ ನೋಡ್ತಿರ್ಲಿಲ್ಲ. ಮನ್ಯಾಗ ಕುಂತ್ರೂ ಅಷ್ಟರೀ." ಆಮೇಲೆ ಅವಳು, "ನಿಮ್ಮ ಮ್ಯಾಲೆ ಸಿಟ್ಟಿಲ್ರೀ. ಯಾರ ಮ್ಯಾಲೂ ಇಲ್ಲ," ಎಂದಳು.

ಆ ಮಾತು ಸುಹಾಸಿನಿಯವರಿಗೆ ಸಿಟ್ಟಿಗಿಂತ ಕಷ್ಟವಾಯಿತು. ಪ್ರತಿತರಂಗದ ಪರಿಣಾಮವನ್ನು ಬೇಲಿಯ ಹೊರಗೆ ನಿಂತು ಲೆಕ್ಕ ಹಾಕಿದ್ದರೇ ಹೊರತು, ಒಳಗೆ ನಿಂತು ಒಮ್ಮೆಯೂ ಕೂಗಿ ನೋಡಿರಲಿಲ್ಲ. ಅವರು ಕಾಲನಿಯ ಸಮಿತಿಯ ಮುಂದೆ ತೆರೆ ತೆಗೆಯುವ ಮಾತೆತ್ತಿದರು. ಎಲ್ಲರೂ ಬೇಡವೆಂದರು. ಗುರುಪಾದಪ್ಪನವರು ಮಾತ್ರ, "ಒಂದ ದಿನ ತಗೀರಿ, ನೋಡೋಣ," ಎಂದರು. ಸೋತ ಸುದ್ದಿ ಕೇಳಿದಾಗಿನಿಂದ ಅವರಿಗೆ ಸಂಜೆಯ ನಿದ್ದೆ ಹತ್ತಿರಲಿಲ್ಲ.

ಮರುದಿನ ಸಂಜೆ ಕಂಬಗಳ ದೀಪ ಹೊತ್ತಲಿಲ್ಲ. ಗುರುಪಾದಪ್ಪನವರು ಪಡಸಾಲೆಯಲ್ಲಿ ಕಾದು ಕುಳಿತರು. ಐದೂಕಾಲಾಯಿತು, ಐದೂವರೆಯಾಯಿತು. ಅವರಿಗೆ ಏನೂ ಕೇಳಿಸಲಿಲ್ಲ. ದೀಪ ಮತ್ತೆ ಹೊತ್ತಿರಬೇಕೆಂದು ಚಪ್ಪಲಿ ಮೆಟ್ಟಿ ಬಂದು ನೋಡಿದರೆ, ಕಂಬಗಳು ಆರಿಯೇ ಇದ್ದವು. ಹುಡುಗಿಯರು ಸಾಲಾಗಿ ಕುಳಿತಿದ್ದರು. ಶಿಫಾ ಒಬ್ಬೊಬ್ಬಳ ಬೆನ್ನನ್ನೂ ಮುಟ್ಟಿ, 'ಖೋ' ಅಂತ ಹೇಳು, ಹೇಳು ಎನ್ನುತ್ತಿದ್ದಳು. ಅವರ ತುಟಿ ಅಲುಗುತ್ತಿತ್ತು. ಬಂದದ್ದು ಮಗ್ಗುಲಲ್ಲಿ ಕುಳಿತವರಿಗೆ ಗುಟ್ಟು ಹೇಳುವಷ್ಟೇ ದನಿ.

ಶಿಫಾಳ ಪಾಲಿಗೆ ಆಯ್ಕೆಯ ಕೊನೆಯ ಅವಕಾಶ ಮುಗಿದುಹೋಗಿತ್ತು. ಆದರೂ ಅವಳು ಸಾಲಿನ ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಶುರುಮಾಡಿದಳು.

ಗುರುಪಾದಪ್ಪನವರು ಬೇಲಿ ಹಿಡಿದು ನಿಂತರು. ಗಂಟಲು ಸರಿಮಾಡಿಕೊಂಡು, "ಇನ್ನೊಮ್ಮೆ ಜೋರಾಗಿ ಅನ್ನವಾ. ನನಗ ಕೇಳಲಿಲ್ಲ," ಎಂದರು.

ಸಾಲಿನ ತುದಿಯಲ್ಲಿ ಕುಳಿತ ಚಿಕ್ಕವಳು ತಲೆಯೆತ್ತಿದಳು. ಅವಳ ಮನೆಯವರು ಕಾಲನಿಗೆ ಬಂದು ಒಂಬತ್ತು ತಿಂಗಳಾಗಿತ್ತು, ಗುರುಪಾದಪ್ಪನವರ ಮನೆಯ ಎದುರಿಗೇ ಇದ್ದರು. ಅವಳು ಅವರನ್ನು ಸ್ವಲ್ಪ ಹೊತ್ತು ನೋಡಿ, ಶಿಫಾಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಅಕ್ಕಾ, ಇವ್ರ ಯಾರು?"