ಸುರಿದ ಕೈ

"ಬೇಡಪ್ಪ, ಆ ಗುಂಡಿ ಮುಚ್ಚಳ ನೀನು ತೆಗೀಬೇಡ. ಕೆಲಸದವರನ್ನ ಕರಿ," ಎಂದಳು ಅತ್ತೆ, ಹಿತ್ತಿಲ ಬಾಗಿಲಿಗೆ ಅಡ್ಡ ನಿಂತು.

ಮನೆ ಅಳಿಯನಾಗಿ ಬಂದು ತಿಂಗಳಾಗಿತ್ತಷ್ಟೆ, ಆದರೂ ಈ ಮಹಾಶಯನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಮೂರು ದಿನದಿಂದ ಬಚ್ಚಲಿನ ನೀರು ಕಟ್ಟಿಕೊಂಡಿತ್ತು. ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿದವನೇ ಉದ್ದನೆಯ ತಂತಿ, ಕೊಳೆ ಕರಗಿಸುವ ಕಾಸ್ಟಿಕ್ ಸೋಡಾ ತಂದಿಟ್ಟಿದ್ದ.

"ಹಿಂದೆ ಈ ಪೈಪಿಗೆ ಕೈ ಹಾಕಿದ್ದ ಕೆಲಸದವನ ಮೇಲೆ ಕುದಿಯೋ ಸೋಡಾ ನೀರು ಬಿತ್ತು. ಅವನು ಉಳೀಲಿಲ್ಲ. ಅವನ ಹೆಂಡ್ತಿ ತನ್ನ ತಲೆಕೂದಲು ಕಿತ್ತು, ಗಂಟು ಹಾಕಿ, ಇದರೊಳಗೆ ಬಿಟ್ಟು ಮಾಟ ಮಾಡಿ ಹೋದ್ಲು."

"ಓಹೋ, ಕಟ್ಕೊಂಡಿರೋದು ಕೂದಲು! ನೀವೇ ಪತ್ತೆ ಹಚ್ಚಿಬಿಟ್ರಲ್ಲ ಅತ್ತೆ!" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಯನ್ನು ಕುದಿಯುವ ಸೋಡಾ ನೀರಿನ ಪಾತ್ರೆಯೊಂದಿಗೆ ಬಚ್ಚಲಿನಲ್ಲಿ ನಿಲ್ಲಿಸಿ, ತಾನು ಹೇಳಿದಾಗ ಸುರಿಯಬೇಕೆಂದ.

ಮಟಮಟ ಮಧ್ಯಾಹ್ನ. ಮುಚ್ಚಳ ಸರಿಸಿದ್ದೇ ತಡ, ಕೊಳೆತ ನಾತ ಮುಖಕ್ಕೆ ಹೊಡೆಯಿತು. ಅದರ ಜೊತೆಗೇ ಇನ್ನೊಂದು ವಾಸನೆ, ಸುಟ್ಟ ಚರ್ಮದ್ದು. ತಂತಿ ಎರಡು ಮೊಳ ಹೋಗಿ ಸಿಕ್ಕಿಕೊಂಡಿತು. ಎಷ್ಟು ತಿರುವಿದರೂ ಜಪ್ಪಯ್ಯ ಎನ್ನಲಿಲ್ಲ. ಹಟಕ್ಕೆ ಬಿದ್ದ ಅಳಿಯ ಬೋರಲು ಮಲಗಿ, ತಲೆಯನ್ನು ಗುಂಡಿಯೊಳಗಿಳಿಸಿ, ಬಚ್ಚಲಿನಿಂದ ಇಳಿಯುವ ಪೈಪಿನೊಳಗೆ ಭುಜದವರೆಗೆ ಕೈ ತೂರಿಸಿದ.

ಕೂದಲು ಸಿಕ್ಕಿತು. ಒಂದು ಗಂಟು. ಮತ್ತೊಂದು ಗಂಟು. ಎಳೆದ. ಬರಲಿಲ್ಲ. ಅದೇ ಅವನನ್ನು ಎಳೆಯಿತು.

ಕೂದಲಿನಾಚೆಯಿಂದ ಐದು ಬೆರಳು ಬಂದು ಮಣಿಕಟ್ಟು ಹಿಡಿದವು. ಬಿಸಿ ಬೆರಳು. ಅವುಗಳ ತೊಗಲು ಸುಲಿದು ಅವನ ಕೈಗೆ ಮೆತ್ತಿಕೊಳ್ಳುತ್ತಿತ್ತು.

"ಸುರೀಬೇಡ ಕಣೇ! ಸುರೀಬೇಡ!" ಎಂದು ಅವನು ಹೆಂಡತಿಗೆ ಅರಚಿದ.

ಕಿವಿಯ ಪಕ್ಕದಲ್ಲೇ, ಪೈಪಿನ ಕತ್ತಲೊಳಗಿಂದ, ಅವನದೇ ದನಿ ಕೂಗಿತು: "ಸುರಿಯೇ! ಬೇಗ ಸುರಿ!"

"ಅಷ್ಟ್ಯಾಕೆ ಕೂಗ್ತೀರಾ? ಸುರೀತಿದ್ದೀನಿ ರೀ!" ಬಚ್ಚಲಿನ ಕಿಟಕಿಯಿಂದ ಹೆಂಡತಿಯ ಮಾತು ಕೇಳಿತು.

ಮೇಲೆ ಗಳಗಳ ಸದ್ದು. ಇಳಿದು ಬಂತು. ಹತ್ತಿರ ಬಂತು. ಅವನು ಕಾಲು ಬಡಿದ. ಕೈ ಎಳೆದ. ಹಿಡಿತ ಬಿಗಿಯಾಯಿತು.

ಅವನನ್ನು ಹೊರಗೆಳೆದಾಗ ಮುಖ ಗುರುತು ಹಿಡಿಯುವಂತಿರಲಿಲ್ಲ. ಕಿವಿ ಮಾತ್ರ ಇನ್ನೂ ಕೇಳುತ್ತಿತ್ತು. "ನೀವೇ ತಾನೇ ಸುರಿ ಅಂದಿದ್ದು? ನೀವೇ ತಾನೇ?" ಎಂದು ಹೆಂಡತಿ ಚೀರುತ್ತಿದ್ದಳು. ಅತ್ತೆ ಎದೆ ಬಡಿದುಕೊಳ್ಳುತ್ತಿದ್ದಳು.

"ಅವತ್ತು ಸುರಿದೋಳು ನಾನೇ ಕಣಪ್ಪ! ಬೇಡಮ್ಮಾ, ಬೇಡಮ್ಮಾ ಅಂತ ಅವನು ಕೂಗಿದ್ದು ಕೇಳಿಸಿತ್ತು. ಒಲೆ ಮೇಲೆ ಹಾಲು ಉಕ್ತಿತ್ತು, ಕೆಲಸ ಮುಗೀಲಿ ಅಂತ ಸುರಿದುಬಿಟ್ಟೆ. ನಿನ್ನ ಮಗಳ ಕೈಯಿಂದಲೂ ಹೀಗೇ ಸುರಿಸ್ತೀನಿ ಅಂದಿದ್ಲು ಅವನ ಹೆಂಡ್ತಿ. ಮಗಳಿಗೆ ಹೇಳೋಕೆ ನಂಗೆ ಬಾಯೇ ಬರಲಿಲ್ಲ!"

ಅಷ್ಟನ್ನೂ ಕೇಳಿಸಿಕೊಂಡೇ ಅಳಿಯ ಪ್ರಾಣ ಬಿಟ್ಟ.