ಸತ್ತ ಮಷೀನಿನ ಉತ್ತರ

“ಬಾಗಲಾ ತಗಿ! ಇಲ್ಲಂದ್ರ ನಿನ್ನ ಕಂಪ್ಯೂಟರ್ ಒಡದ ಹಾಕ್ತೇನಿ!”

ಹಮಾಲ ಹೂವಪ್ಪನ ಕೈಯಲ್ಲಿ ಹಾರೆ. ಹಾರೆಯ ಮೊನೆ ನನ್ನ ಕಿವಿಯ ಹತ್ತಿರ!

ನಾನು ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ. ಎದ್ದು ಓಡಲು ಅವನು ದಾರಿಯನ್ನೇ ಬಿಟ್ಟಿರಲಿಲ್ಲ.

ನಾನು ಮಹೆಕ. ಸವಣೂರಿನವಳು. ಶಿಗ್ಗಾವಿಯಿಂದ ಹಿರೇಕೆರೂರಿನವರೆಗೆ ಯಾರ ನೆಟ್‌ವರ್ಕ್ ಕೈಕೊಟ್ಟರೂ ಫೋನು ನನಗೇ. ಬೈಗುಳವೂ ನನಗೇ. ಅವತ್ತು ಕರೆದದ್ದು ಹಾನಗಲ್ ಊರಾಚೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್. “ಮುಂಜಾನಿಂದ ಲಿಂಕ್ ಬರ್ತೈತಿ, ಹೋಗ್ತೈತಿ” ಅಂದಿದ್ದರು. ಸಣ್ಣ ಕೆಲಸ ಅಂದುಕೊಂಡು ಬಂದೆ.

ಚೀಲ ಇಡುವ ಚೇಂಬರುಗಳ ಸಾಲಿನ ಎದುರು, ಕಂಪ್ಯೂಟರ್ ಮುಂದೆ ಬಂದು ಕೂತಿದ್ದೆ, ಅಷ್ಟೇ. ತಂಪಿನ ಪೈಪು ಸೀಳಿತು. ಅಮೋನಿಯಾ!

ಕೂಲಿಯವರೆಲ್ಲ ಹೊರಗೆ ಓಡಿದರು. ಗ್ಯಾಸ್ ತಾಗಿದೊಡನೆ ಚೇಂಬರುಗಳ ಬಾಗಿಲು ತಾವಾಗಿಯೇ ಲಾಕ್ ಆದವು. ಮೂರನೆಯದರಲ್ಲಿ ಹೂವಪ್ಪನ ಹೆಂಡತಿ ಶಾರವ್ವ ಚೀಲ ಸರಿಸುತ್ತಿದ್ದಳು... ಒಳಗೇ ಉಳಿದಳು!

ಧಡ್... ಧಡ್... ಒಳಗಿಂದ ಬಾಗಿಲು ಬಡಿಯುವ ಸದ್ದು.

ಆ ಬಾಗಿಲಿಗೆ ಒಳಗೆ ಹಿಡಿಕೆ ಇಲ್ಲ. ಮಾಲು ಕಳುವಾಗುತ್ತದೆ ಎಂದು ಯಜಮಾನ ಚನ್ನವೀರಪ್ಪನವರೇ ತೆಗೆಸಿದ್ದರಂತೆ. ಹಾರೆಗೆ ಆ ಉಕ್ಕು ಜಗ್ಗಲಿಲ್ಲ. ಗ್ಯಾಸ್ ಕಟರ್ ಹಚ್ಚಿದರೆ ಒಂದು ಕಿಡಿಗೆ ಕಟ್ಟಡವೇ ಹೊತ್ತಿಕೊಳ್ಳಬಹುದು. ಅಗ್ನಿಶಾಮಕದ ಗಾಡಿ ಇನ್ನೂ ದಾರಿಯಲ್ಲಿತ್ತು. ಉಳಿದದ್ದು ಬಾಗಿಲು, ಫ್ಯಾನುಗಳನ್ನು ನಡೆಸುವ ಸರ್ವರ್ ಒಂದೇ. ಅದು ಮೊದಲು ಫ್ಯಾನ್ ತಿರುಗಿಸಿ ಒಳಗಿನ ಗ್ಯಾಸ್ ಹೊರದಬ್ಬಬೇಕು. ಆಮೇಲೆ ಬಾಗಿಲು. ನಡುವೆ ಸರ್ವರಿಗೂ ಫ್ಯಾನಿಗೂ ಇರುವ ಲಿಂಕ್ ಕಡಿದರೆ ಮತ್ತೆ ಮೊದಲಿನಿಂದ!

ಲಿಂಕ್ ಕಡಿಯುತ್ತಲೇ ಇತ್ತು.

ಆ ಸರ್ವರ್ ಒಂದು ವರ್ಚುವಲ್ ಮಷೀನ್. ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಓಡುವ ಇನ್ನೊಂದು ಕಂಪ್ಯೂಟರ್. ಮುಟ್ಟಿ ನೋಡಲು ಏನೂ ಇಲ್ಲ, ಬರೀ ಒಂದು ದೊಡ್ಡ ಫೈಲ್. ಕೇಬಲ್ ಬದಲಿಸಿದೆ. ಸೆಟ್ಟಿಂಗ್ ಬದಲಿಸಿದೆ. ರೀಸ್ಟಾರ್ಟ್ ಮಾಡಿದೆ. ಲಿಂಕ್ ಬಂತು... ಫ್ಯಾನ್ ತಿರುಗಿತು... ಹೋಯಿತು!

“ಅಕ್ಕಾರ... ಸದ್ದು ಕಮ್ಮಿ ಆಗಾಕತ್ತೈತಿ...”

ಹೂವಪ್ಪನ ದನಿ ಒಡೆಯಿತು. ಹಾರೆ ಕೆಳಗಿಳಿಯಿತು. ಅವನು ಬೈಯುತ್ತಿದ್ದಾಗಲೇ ವಾಸಿಯಿತ್ತು.

“ಕುಡಿಯೋ ನೀರಾಗ ಸೆರಗ ತೊಯ್ಸಿ ಮೂಗಿಗೆ ಹಿಡಿ ಅನ್ರಿ! ನೆಲಕ್ಕ ಕುಂದ್ರು ಅನ್ರಿ! ಒದರ್ರಿ ಜೋರಾಗಿ!”

ಅವನು ಬಾಗಿಲಿಗೆ ಬಾಯಿ ಹಚ್ಚಿ ಒದರಿದ. ನಾನು ಒಂದು ಹುಚ್ಚು ಕೆಲಸ ಮಾಡಿದೆ. ಸರ್ವರನ್ನು ನೆಟ್‌ವರ್ಕಿನಿಂದ ಪೂರ್ತಿ ಕಳಚಿದೆ. ನನ್ನ ಲ್ಯಾಪ್‌ಟಾಪಿನಿಂದ ಅದೇ ಸರ್ವರಿನ ಅಡ್ರೆಸ್ಸಿಗೆ ಸಂದೇಶ ಕಳಿಸಿ ಕೂಗಿದೆ. ಉತ್ತರ ಬರಬಾರದು.

ಬಂತು!

ಮತ್ತೆ ಕೂಗಿದೆ. ಮತ್ತೆ ಬಂತು!

ಸತ್ತ ಮಷೀನು ಮಾತಾಡುತ್ತಿತ್ತು. ನಾನು ದೆವ್ವ ನಂಬುವವಳಲ್ಲ. ಆ ಕ್ಷಣ ನಂಬಿದೆ.

ಆಮೇಲೆ ತಲೆ ಓಡಿತು. ಇದರದೇ ನಕಲು, ಇದೇ ಅಡ್ರೆಸ್ ಹೊತ್ತು, ಈ ಕಟ್ಟಡದಲ್ಲೇ ಎಲ್ಲೋ ಓಡುತ್ತಿದೆ! ಎರಡು ಮನೆಗೆ ಒಂದೇ ನಂಬರು ಇದ್ದ ಹಾಗೆ. ಫ್ಯಾನಿನ ಮಾತು ಒಮ್ಮೆ ಇಲ್ಲಿಗೆ ಬರುತ್ತದೆ, ಒಮ್ಮೆ ಅಲ್ಲಿಗೆ ಹೋಗುತ್ತದೆ. ಅದಕ್ಕೇ ಲಿಂಕ್ ಕಡಿಯುವುದು!

ಅಲ್ಲೇ ಮೂಲೆಯಲ್ಲಿ ನಿಂತಿದ್ದ ಮ್ಯಾನೇಜರ್ ದುರ್ಗೇಶನ ಕಾಲರ್ ಹಿಡಿದೆ.

“ಈ ಸರ್ವರಿನ ಕಾಪಿ ಎಲ್ಲೈತಿ? ಖರೇ ಹೇಳ್ರಿ!”

“ಬ್ಯಾಕಪ್ ಅಂತ ಇಟ್ಟೇವ್ರಿ... ಯಜಮಾನ್ರ ಖೋಲ್ಯಾಗ. ಅದು ಬಂದ್ ಇರತೈತ್ರಿ.”

“ಇವತ್ತೂ?”

ಅವನು ಕಾಲರ್ ಬಿಡಿಸಿಕೊಂಡ.

“ಇವತ್ತ ಮುಂಜಾನೆ ಅಮಾಸಿ ಪೂಜಾ ಇತ್ರಿ. ಬಂದ್ ಇದ್ದ ಮಷೀನಿಗೆ ಪೂಜಾ ಮಾಡಬಾರದು ಅಂದ್ರು ಯಜಮಾನ್ರು. ಎಲ್ಲಾ ಚಾಲೂ ಮಾಡಿದ್ವಿ.”

“ಪೂಜಾ ಮುಗದ ಮ್ಯಾಲೆ?”

“ಸಂಜಿತನಾ ಆರಿಸಬಾರದ್ರಿ!”

ಓಡಿದೆ.

ವೈರುಗಳೆಲ್ಲ ಸೇರುವ ಪೆಟ್ಟಿಗೆಯಲ್ಲೇ ನಕಲಿನ ವೈರು ಕೀಳಬಹುದಿತ್ತು, ಆದರೆ ಅದಿದ್ದದ್ದು ಮಷೀನ್ ರೂಮಿನಲ್ಲಿ, ಗ್ಯಾಸಿನ ನಡುವೆ. ಅಲ್ಲಿಗೆ ಹೋದರೆ ನಾನೂ ವಾಪಸ್ ಬರುವುದಿಲ್ಲ. ಯಜಮಾನರ ಕೋಣೆಯೇ ಗತಿ. ಕಣ್ಣು ಉರಿ, ಗಂಟಲು ಉರಿ. ಬೆನ್ನ ಹಿಂದೆ ದುರ್ಗೇಶನ ಬೂಟಿನ ಸದ್ದು.

“ನಿಂದರ್ರಿ ಮೇಡಂ! ನನ್ನ ನೌಕರಿ ಹೋಗ್ತೈತಿ!”

ಬಾಗಿಲಿಗೆ ಬೀಗ! ನಾನು ಒದ್ದೆ. ಏನೂ ಆಗಲಿಲ್ಲ. ಅಷ್ಟರಲ್ಲಿ ಹೂವಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ, ಹಾರೆ ತೂರಿಸಿ ಮೀಟಿದ. ಕೊಂಡಿ ಹಾರಿತು!

ಮೇಜಿನ ಮೇಲೆ ಕಂಪ್ಯೂಟರ್. ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಪರದೆ ಬೆಳಗುತ್ತಿತ್ತು.

ದುರ್ಗೇಶ ನನ್ನ ರಟ್ಟೆ ಹಿಡಿದ.

“ಆರಿಸಬ್ಯಾಡ್ರಿ! ಮನಿತನ ಹಾಳಾಗತೈತಿ ಅಂತಾರ ಯಜಮಾನ್ರು!”

“ಆರಿಸಂಗಿಲ್ಲ, ಕೈ ಬಿಡ್ರಿ.”

ಬಿಟ್ಟ. ನಾನು ಬಗ್ಗಿ, ಹಿಂದಿನ ನೀಲಿ ನೆಟ್‌ವರ್ಕ್ ವೈರು ಕಿತ್ತೆ. ಕಂಪ್ಯೂಟರ್ ಚಾಲೂ ಇತ್ತು, ಮಾತು ಬಂದ್ ಆಗಿತ್ತು.

ವಾಪಸ್ ಓಟ. ಸರ್ವರನ್ನು ಮತ್ತೆ ಜೋಡಿಸಿದೆ. ಲಿಂಕ್ ಬಂತು. ಫ್ಯಾನ್ ತಿರುಗಿತು. ನಾನು ಪರದೆ ನೋಡಲಿಲ್ಲ. ಕಿವಿಯೆಲ್ಲ ಮೂರನೇ ಬಾಗಿಲಿನ ಕಡೆ.

ಬಡಿತ ಇರಲಿಲ್ಲ.

“ಶಾರೀ... ಒಂದ ಸಲ ಬಡಿ ಶಾರೀ...” ಹೂವಪ್ಪ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದ.

ನನಗೆ ಬರುವ ದುವಾಗಳೆಲ್ಲ ಒಂದರೊಳಗೊಂದು ಕಲಸಿಹೋದವು. ಈ ಕೆಲಸದಲ್ಲಿ ಹಿಂದೆ ರೌಡಿಗಳು ನನ್ನ ಬೆನ್ನು ಹತ್ತಿದ್ದುಂಟು, ಲಾಡ್ಜಿನಲ್ಲಿ ಕೂಡಿಹಾಕಿದ್ದುಂಟು... ಇಷ್ಟು ಹೆದರಿದ್ದು ಮಾತ್ರ ಎಂದೂ ಇಲ್ಲ.

ಫ್ಯಾನ್ ತಿರುಗುತ್ತಿತ್ತು. ಲಿಂಕ್ ಕಡಿಯಲಿಲ್ಲ... ಕಡಿಯಲಿಲ್ಲ...

ಖಟ್! ಲಾಕ್ ಬಿಚ್ಚಿತು.

ಬಾಗಿಲ ಬುಡದಲ್ಲೇ ಶಾರವ್ವ ಮುದ್ದೆಯಾಗಿ ಬಿದ್ದಿದ್ದಳು. ಒದ್ದೆ ಸೆರಗು ಮೂಗಿಗೆ ಅಂಟಿತ್ತು. ಅಂಗಳಕ್ಕೆ ಎಳೆದು ತಂದು ಮುಖದ ಮೇಲೆ ಕೊಡ ನೀರು ಸುರಿದೆವು. ಕೆಮ್ಮಿದಳು! ಹೂವಪ್ಪ ಮಗುವಿನ ಹಾಗೆ ಅತ್ತ. ನಾನೂ ಅತ್ತೆ, ಗ್ಯಾಸಿನ ನೆಪ ಇತ್ತು.

ಅವಳು ಗಂಡನ ಹೆಗಲು ಹಿಡಿದು ಎದ್ದಳು.

“ಒಳಗಿನ ಹಿಡಿಕಿ ತಗಿಸಿದಾವ ಯಾರು?”

ಮೊದಲ ಮಾತು ಅದೇ. ಯಜಮಾನರ ಹೆಸರು ನಾನೇ ಹೇಳಿದೆ.

ಆಗ ದುರ್ಗೇಶನ ಫೋನ್ ಕೂಗಿತು. ಹುಬ್ಬಳ್ಳಿಯಿಂದ ಚನ್ನವೀರಪ್ಪನವರು. ಅವನು ಅದನ್ನು ನನ್ನ ಕೈಗೇ ತುರುಕಿದ.

“ಲಿಂಕ್ ಸರಿ ಆತೇನವಾ? ಮೂರನೇ ಚೇಂಬರಿನ್ಯಾಗಿನ ಮಾಲು ಹೆಂಗೈತಿ?”

ಗೇಟಿನ ಹತ್ತಿರ ಶಾರವ್ವ ಆಟೋ ಹತ್ತುತ್ತಿದ್ದಳು.

“ಜೀವಂತ ಐತ್ರಿ ಯಜಮಾನ್ರ. ಮೊದಲ ದವಾಖಾನಿಗೆ ಹೊಂಟೈತಿ... ಆಮ್ಯಾಲೆ ಪೊಲೀಸ್ ಸ್ಟೇಷನ್ನಿಗೆ!”